ರುಮಾಲಿನ ಜಗಳಕ್ಕೆ ಬಂದ ಮಾಜಿ ಮೆಂಬರರು

ಕೊಹಿನೂರ ಊರಿನ ಬೀಗರು ಸಿಟ್ಟಾಗಿ ಟ್ರ್ಯಾಕ್ಟರ್ ಹತ್ತಿದ್ದರು. ಅಕ್ಕ ಬಾಸಿಂಗ ಕಟ್ಟಿಕೊಂಡು ಒಳಗೆ ಅಳುತ್ತಿದ್ದಳು. ನಮ್ಮವರು ವರನ ಸಣ್ಣ ಕಾಕನಿಗೆ ಮೊದಲು ಮರ್ಯಾದೆಯ ರುಮಾಲು ಸುತ್ತಿ ದೊಡ್ಡ ಕಾಕನ ಮಾನ ಕಳೆದಿದ್ದರು.

ಚುನಾವಣೆ ಸೋತ ಮೇಲೂ ನಮ್ಮ ಹುಡಗಿ ಊರಿನವರು ರಾಜಿಗೆ ಕರೆಯುತ್ತಿದ್ದುದು ಜಿಲ್ಲಾ ಪಂಚಾಯಿತಿಯ ಮಾಜಿ ಮೆಂಬರರನ್ನೇ. ಅವರು ಟೊಪ್ಪಿಗೆ ಸರಿಮಾಡಿಕೊಂಡು ಟ್ರ್ಯಾಕ್ಟರ್ ಎದುರು ನಿಂತರು.

"ಮೊದಲ ಚಾ ಕುಡೀರಿ." ಯಾವ ಜಗಳಕ್ಕೂ ಅವರ ಮೊದಲ ಮಾತು ಅದೇ. "ಕಾಕಾ, ಸಭಾದಾಗ ಮಂತ್ರಿ ಯಾವಾಗ ಮಾತಾಡ್ತಾನ್ರಿ?"

"ಕಡೀಕ," ಎಂದರು ದೊಡ್ಡ ಕಾಕ.

"ಸಣ್ಣ ಪುಢಾರಿಗೋಳು?"

"ಮೊದಲ."

"ರುಮಾಲೂ ಹಂಗೇ ಅಲ್ಲೇನ್ರಿ?"

ದೊಡ್ಡ ಕಾಕ ನಕ್ಕು ಕೆಳಗಿಳಿದರು. ಸಣ್ಣ ಕಾಕ ರುಮಾಲು ಬಿಚ್ಚತೊಡಗಿದರು. "ಹಂಗಾದ್ರ ನಾ ಸಣ್ಣ ಪುಢಾರಿ ಏನ್ರಿ?"

"ನೀವೂ ಮೊದಲ ಚಾ ಕುಡೀರಿ," ಎಂದು ಮೆಂಬರರು ಚಾದ ಬಸಿ ಕೈಗಿಟ್ಟರು. ಆ ಚಾ ಮುಗಿಯುವಷ್ಟರಲ್ಲಿ ತಾಳಿ ಕಟ್ಟಿಸಿಬಿಟ್ಟರು.

ಅಕ್ಕ ಕೊಹಿನೂರದಲ್ಲಿ ಆರಾಮಾಗಿದ್ದಾಳೆ. ಇನ್ನು ಹೇಳುವುದೇನೂ ಇಲ್ಲ.