ಹಗಲಲ್ಲೇ ಬಾಗಿಲು ಹಾಕಿದ ಮನೆ

ಹೋದ ವಾರ ನಾನು ಸತ್ತಿದ್ದೆ.

ಗಾಬರಿಯಾಗಬೇಡಿ, ಸ್ವಲ್ಪ ಹೊತ್ತು ಮಾತ್ರ. ಅದೂ ನಮ್ಮ ಓಣಿಯವರ ಲೆಕ್ಕದಲ್ಲಿ. ಆದರೆ ಕಲ್ಲೋಳಿಯಿಂದ ನನ್ನ ತಂಗಿ ಗಂಗವ್ವ ಹೂವಿನ ಮಾಲೆ ಹಿಡಿದುಕೊಂಡೇ ಬಂದಿದ್ದಳು. ತನ್ನ ಹೆಣದ ಮಾಲೆಯನ್ನು ತಾನೇ ಕೈಚಾಚಿ ಇಸಿದುಕೊಂಡ ಹೆಂಗಸು ಇಡೀ ಗೋಕಾಕದಲ್ಲಿ ನಾನೊಬ್ಬಳೇ ಇರಬೇಕು.

ಇಷ್ಟಕ್ಕೆಲ್ಲ ಕಾರಣ ಒಂದು ಖೋಲಿ.

ನನ್ನ ಸೊಸೆ ಸುಜಾತಾ ಗಣಿತದ ಟೀಚರ್. ಹುಕ್ಕೇರಿಯ ಒಂದು ಶಾಲೆಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದಳು. ಕೊನೆಗೆ ಬೆನ್ನು ಕೈಕೊಟ್ಟಿತು. "ಬಸ್ ಬಿಡ್ರಿ, ಇಲ್ಲಾ ಬೆನ್ನಿನ ಆಸೆ ಬಿಡ್ರಿ" ಅಂದರು ಡಾಕ್ಟರು. ಬಸ್ಸಿನ ಜೊತೆಗೆ ಶಾಲೆಯೂ ಹೋಯಿತು. ಮನೆಯಲ್ಲಿ ಕೂತಳು. ಒಂದು ಮಧ್ಯಾಹ್ನ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದವಳು ಬೇಳೆಗಳನ್ನೇ ಜೋಡಿಸಿ ತ್ರಿಕೋನ ಮಾಡಿದ್ದಳು. ನಾನು ಬಂದದ್ದು ನೋಡಿ ಗಡಬಡಿಸಿ ಅಳಿಸಿದಳು. ಪಾಠ ಹೇಳುವ ಬಾಯಿಗೆ ಬೀಗ ಹಾಕಿದರೆ ಅದು ಬೆರಳಿಗೆ ಇಳಿಯುತ್ತದೆಯೇನೋ.

ಆಮೇಲೆ ಈ ಆನ್‌ಲೈನ್ ಕ್ಲಾಸಿನ ಕಂಪನಿ ಸಿಕ್ಕಿತು. ಮನೆಯಲ್ಲೇ ಕೂತು ಊರೂರ ಮಕ್ಕಳಿಗೆ ಗಣಿತ ಹೇಳುವುದು. ಮೊದಲು ಒಂದು ಡೆಮೋ ಕ್ಲಾಸ್. ಅದನ್ನು ಕಂಪನಿಯ ಮೇಡಂ ಕೇಳುತ್ತಾರೆ. ಒಪ್ಪಿದರೆ ಕೆಲಸ.

ಆಫೀಸ್ ಎಲ್ಲಿ? ನಮ್ಮದೇನು ಬಂಗಲೆಯೇ? ಕಾಳಿನ ಖೋಲಿ ಖಾಲಿ ಮಾಡಿದೆವು. ಜೋಳದ ಚೀಲಗಳು ನನ್ನ ಮಂಚದ ಕೆಳಗೆ ಬಂದವು. (ಈಗ ಮನೆಗೆ ಇಲಿ ಬಂದರೆ ಮೊದಲು ನನಗೇ ವರದಿ.) ನನ್ನ ಹೊಲಿಗೆ ಮಷೀನೇ ಟೇಬಲ್ ಆಯಿತು. ಲೆಕ್ಕ ಕಠಿಣವಾದರೆ ಸುಜಾತಾ ತನಗೆ ತಿಳಿಯದಂತೆಯೇ ಕೆಳಗೆ ಪೆಡಲ್ ತುಳಿಯುತ್ತಾಳೆ. ನೆಟ್ಟಿನ ಡಬ್ಬಿಗೆ ಎತ್ತರದ ಜಾಗ ಬೇಕು ಅಂದರು, ದೇವರ ಜಗಲಿಯ ಮೇಲೆ ಇಟ್ಟೆವು. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕಣ್ಣು ತೆಗೆದರೆ ಅದು ಮಿಣಿಮಿಣಿ ಅನ್ನುತ್ತಿರುತ್ತದೆ. ಅಭ್ಯಾಸಬಲ, ಅದಕ್ಕೂ ಕೈ ಮುಗಿದುಬಿಡುತ್ತೇನೆ.

ಖೋಲಿಯಲ್ಲಿ ದನಿ ಗುಂಯ್‌ಗುಡುತ್ತಿತ್ತು. ಗೋಡೆಗೆ ಫೋಮ್ ಹಚ್ಚಬೇಕು ಅಂದ ಮಗ ಮಹಾಂತೇಶ. "ಫೋಮ್ ಯಾಕೋ ತಮ್ಮಾ, ಕೌದಿ ಅದಾವಲ್ಲ" ಅಂದೆ. ಹಳೆಯ ಸೀರೆ ಸೇರಿಸಿ ನಾನೇ ಹೊಲಿದ ಕೌದಿಗಳು ಗೋಡೆ ಏರಿದವು. ಅದರಲ್ಲಿ ನನ್ನ ಅತ್ತೆಯ ಸೀರೆಗಳೇ ಹೆಚ್ಚು. ಸೊಸೆಯ ದನಿ ಹೊರಗೆ ಕೇಳಬಾರದು ಎಂದು ಜೀವವಿರುವತನಕ ದುಡಿದ ಹೆಂಗಸು. ಈಗಲೂ ಅದೇ ಕೆಲಸ ಮಾಡುತ್ತಿದ್ದಾಳೆ, ಪಾಪ.

ಖೋಲಿ ತಯಾರಾಯಿತು. ಆದರೆ ಮನುಷ್ಯರು?

ಡೆಮೋಕ್ಕೆ ಅಭ್ಯಾಸವಾಗಲಿ ಎಂದು ಸುಜಾತಾ ತನ್ನ ಹಳೆಯ ಶಾಲೆಯ ಮಕ್ಕಳಿಗೆ ಆನ್‌ಲೈನ್‌ನಲ್ಲೇ ಪಾಠ ಶುರುಮಾಡಿದಳು. ಇದ್ದಕ್ಕಿದ್ದಂತೆ ಎಲ್ಲರಿಗೂ ಅವಳು ಬೇಕಾದಳು. ಅವಳು ಹುಕ್ಕೇರಿಗೆ ಹೋಗುತ್ತಿದ್ದಾಗ ಮಹಾಂತೇಶ ಒಂದು ದಿನವೂ ಕ್ಲಾಸಿನ ಹೊತ್ತಿನಲ್ಲಿ ಫೋನ್ ಮಾಡಿದವನಲ್ಲ. ಈಗ ಮೂಡಲಗಿಯ ತನ್ನ ಸ್ಪೇರ್‌ಪಾರ್ಟ್ಸ್ ಅಂಗಡಿಯಿಂದ ಘಳಿಗೆಗೊಂದು ಸಲ. "ಮನ್ಯಾಗ ಅದೀ ಅಲ್ಲ, ಸಿಲಿಂಡರ್ ಬರ್ತೈತಿ, ಇಸ್ಕೊ." "ಮನ್ಯಾಗ ಅದೀ ಅಲ್ಲ, ನನ್ನ ಆಧಾರ್ ಕಾರ್ಡಿಂದು ಒಂದ ಫೋಟೊ ಹಾಕ."

ಎದುರುಮನೆಯ ಪದ್ಮಕ್ಕ ಹೆಪ್ಪು ಕೇಳಲು ಬಂದವಳು ಸೀದಾ ಖೋಲಿಗೇ ಹೋಗಿ ಕೂತಳು.

"ಮಾವಶಿ, ಕ್ಲಾಸ್ ನಡದೈತ್ರಿ" ಅಂದಳು ಸುಜಾತಾ.

"ನಡೀಲೇಳವಾ. ನಾ ಏನ ಮಾತಾಡ್ತೀನೇನ?" ಅಂದ ಪದ್ಮಕ್ಕ ಆಮೇಲೆ ತನ್ನ ಮೊಣಕಾಲು ನೋವಿನಿಂದ ಶುರುಮಾಡಿ ಮಗಳ ಬಾಣಂತನದವರೆಗೆ ಹೇಳಿ ಮುಗಿಸಿದಳು. ಆ ಕಡೆ ಮಕ್ಕಳು ಬೀಜಗಣಿತ ಬಿಟ್ಟು ಬಾಣಂತನ ಕಲಿತರು.

ಡೆಮೋ ದಿನ ಕೆಡಿಸಿದ್ದು ಮಾತ್ರ ನಾನೇ. ಒಳಗೆ ಕ್ಲಾಸ್, ಅಡುಗೆಮನೆಯಲ್ಲಿ ನಾನು ದಿನದಂತೆ ರೊಟ್ಟಿ ಬಡಿಯುತ್ತಿದ್ದೆ. ಮೇಡಂ ಕ್ಲಾಸ್ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಯಾರಿಗೋ ಹೊಡೆಯುತ್ತಿದ್ದಾರಲ್ಲ, ಎಲ್ಲಾ ಸರಿ ಇದೆಯಾ ಎಂದು ಹಿಂದಿಯಲ್ಲಿ ಕೇಳಿದರಂತೆ. ಇನ್ನೊಂದು ಚಾನ್ಸ್ ಕೊಟ್ಟರು. ಅದೇ ಕೊನೆಯದು.

ಸುಜಾತಾ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮತ್ತೆ ಮೊರ ಹಿಡಿದು ಕೂತಳು.

"ಈ ಸಲ ನಾ ನೋಡ್ಕೋತೀನವಾ. ಒಂದ ಸಪ್ಪಳಾ ಬಂದ್ರ ಕೇಳ" ಅಂದೆ.

ನೋಡಿಕೊಂಡೆ. ರೊಟ್ಟಿ ಇಲ್ಲ, ಕುಕ್ಕರ್ ಇಲ್ಲ, ಟೀವಿ ಇಲ್ಲ. ನನ್ನ ಫೋನ್ ಸೈಲೆಂಟ್. (ಈ ಅಂಕಣಕ್ಕೆಂದು ಫೋನಿನಲ್ಲಿ ಟೈಪ್ ಮಾಡುವುದರ ಜೊತೆಗೆ ಇದನ್ನೂ ಕಲಿತಿದ್ದೇನೆ.) ಮುಂಬಾಗಿಲು ಹಾಕಿ ಒಳಗಿಂದ ಚಿಲಕ ಜಡಿದೆ. ನಡುಮನೆಯಲ್ಲಿ ಕೆಮ್ಮು ನುಂಗಿಕೊಂಡು ಕೂತೆ. ಸದ್ದು ಮಾಡದೆ ಬದುಕುವುದು ಎಷ್ಟು ದಣಿವಿನ ಕೆಲಸ ಅಂತೀರಿ!

ಒಂದು ಮಾತು ಮರೆತಿದ್ದೆ. ನಮ್ಮ ಓಣಿಯಲ್ಲಿ ಹಗಲು ಯಾರೂ ಬಾಗಿಲು ಹಾಕುವುದಿಲ್ಲ. ಊರಿಗೆ ಹೋದರೆ ಹೊರಗೆ ಕೀಲಿ ಇರುತ್ತದೆ. ಹೊರಗೆ ಕೀಲಿ ಇಲ್ಲ, ಒಳಗೆ ಚಿಲಕ ಇದೆ, ರೊಟ್ಟಿಯ ಸಪ್ಪಳವಿಲ್ಲ, ಮನೆಯಲ್ಲಿ ವಯಸ್ಸಾದವಳೊಬ್ಬಳಿದ್ದಾಳೆ. ಇಷ್ಟು ಕೂಡಿಸಿದರೆ ಉತ್ತರ ಏನು ಬರುತ್ತದೆ? ಪದ್ಮಕ್ಕನಿಗೆ ಅದೇ ಬಂತು.

ಬಾಗಿಲು ತಟ್ಟಿದಳು. "ಅಕ್ಕಾರ! ಏನ್ರಿ ಅಕ್ಕಾರ!" ಅಂದಳು. ಓ ಅಂದರೆ ಕ್ಲಾಸ್ ಕೆಡುತ್ತದೆ, ಸುಮ್ಮನಿದ್ದರೆ ತಾನೇ ಹೋಗುತ್ತಾಳೆ ಅಂದುಕೊಂಡೆ. ಹೋದಳು. ಹೋಗಿ ನನಗೆ ಫೋನ್ ಮಾಡಿದಳು, ಸೈಲೆಂಟ್. ಮಹಾಂತೇಶನಿಗೆ ಮಾಡಿದಳು, ಅವನು ಎತ್ತಲಿಲ್ಲ. ಕಲ್ಲೋಳಿಯ ಗಂಗವ್ವನಿಗೆ ಮಾಡಿದಳು. ಅವಳು ಎತ್ತಿದಳು.

ಕ್ಲಾಸ್ ಇನ್ನೇನು ಮುಗಿಯಬೇಕು, ಹೊರಗೆ ಗಂಗವ್ವನ ಗಂಡನ ಬೈಕ್ ನಿಂತ ಸದ್ದು. ಹಿಂದೆಯೇ ಹಾಡಿಕೊಂಡು ಅಳುವ ದನಿ.

"ನನ್ನಕ್ಕಾ... ಹೋಳಗಿ ಮಾಡಿದ್ರ ಹೂವಿನಂಗ ಮಾಡ್ತಿದ್ದೆಲ್ಲವ್ವಾ... ಇನ್ನ ಯಾರ ಕೈಯಾಗ ಉಣ್ಣಲೆವ್ವಾ..."

ನಾನು ದಂಗಾದೆ. ಹೋದ ಯುಗಾದಿಗೆ ಇದೇ ಗಂಗವ್ವ ನನ್ನ ಹೋಳಿಗೆ ತಿಂದು "ಚಪ್ಪಲಿ ಹೊಲೀಬಹುದು ನೋಡ" ಅಂದಿದ್ದಳು. ಬದುಕಿರುವವರ ಹೋಳಿಗೆಗೆ ಯಾಕೆ ಈ ರುಚಿ ಇರುವುದಿಲ್ಲ? ಚಿಲಕದ ಮೇಲೆ ಕೈ ಇಟ್ಟವಳು ಇನ್ನೊಂದು ಸಾಲು ಕೇಳೋಣ ಅಂತ ನಿಂತೆ. (ನೀವಾಗಿದ್ದರೂ ನಿಲ್ಲುತ್ತಿದ್ದಿರಿ.)

ಬಾಗಿಲು ತೆಗೆದೆ. ತುಟಿಯ ಮೇಲೆ ಬೆರಳಿಟ್ಟು, "ಸತ್ತಿಲ್ಲ. ಸುಮ್ಮನಿರ್ರಿ. ಕ್ಲಾಸ್ ನಡದೈತಿ" ಅಂದೆ.

ಗಂಗವ್ವ ನನ್ನನ್ನು ನೋಡಿದಳು. ಮಾಲೆ ನೋಡಿದಳು. ಆಮೇಲೆ ಅದೇ ಮಾಲೆಯಿಂದ ನನ್ನ ಭುಜಕ್ಕೆ ನಾಲ್ಕು ಬಿಟ್ಟಳು. "ಸುಳ್ಳ ಸುಳ್ಳ ಅಳಸ್ತಿ? ಹೆಣಾ!" ನಾನು ಕೈಚಾಚಿ ಮಾಲೆ ಇಸಿದುಕೊಂಡೆ.

"ಬಾಗಲಾ ಹಾಕೂಕಿಂತ ಮೊದಲ ಹೇಳಬಾರದೇನ್ರಿ ಅಕ್ಕಾರ?" ಪದ್ಮಕ್ಕನದು ಬೇರೆ.

"ಸುಜಾತಾಂದು ಕೆಲಸಾ ಐತಿ ಅಂತ ಹೇಳಿದ್ದೆನಲ್ಲ."

"ಅದ ಮನ್ಯಾಗ ಕುಂತ ಮಾಡೂದಲ್ಲೇನ್ರಿ?" ಅಂದಳು ಪದ್ಮಕ್ಕ, ಖರೇನೇ ಅರ್ಥವಾಗದವಳಂತೆ.

ಖೋಲಿಯ ಬಾಗಿಲಿಗೆ ಹೋದೆ, ಕ್ಲಾಸ್ ನಿಂತಿತ್ತು. ಅತ್ತೆಯ ಅಷ್ಟೂ ಸೀರೆ ದಾಟಿ ಗಂಗವ್ವನ ದನಿ ಮೇಡಂ ಕಿವಿ ಮುಟ್ಟಿತ್ತು. ಯಾರು ಹೋದರು ಅಂತ ಮೇಡಂ ಮೆಲ್ಲಗೆ ಕೇಳುತ್ತಿದ್ದರು. ಸುಜಾತಾ ಬಾಗಿಲಲ್ಲಿದ್ದ ನನ್ನತ್ತ ನೋಡಿದಳು. ಎಂಥ ಸೋತ ಮುಖ! ನನಗೆ ಏನು ತೋಚಿತೋ, ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ತಲೆ ವಾಲಿಸಿ ತೋರಿಸಿದೆ. ನಾನೇ ಅಂತ ಹೇಳು.

"ಅತ್ತಿ..." ಅಂದಳು. ಬಾಯಿಗೆ ಸೆರಗು ಹಿಡಿದಳು. ಅವಳಿಗೆ ಬಂದದ್ದು ನಗುವೋ ಅಳುವೋ, ಮೇಡಂಗಂತೂ ಅಳು ಅನ್ನಿಸಿತು. ಕ್ಲಾಸ್ ಬೇಡ, ಮುಂದಿನ ವಾರ ನೋಡೋಣ ಅಂದರು. ಒಳ್ಳೆಯ ಹೆಣ್ಣುಮಗಳು.

ಆ ಮುಂದಿನ ವಾರ ಅಂದರೆ ಇವತ್ತು. ಒಳಗೆ ಕ್ಲಾಸ್ ನಡೆದಿದೆ. ಬಾಗಿಲು ಹಾಕಿದೆ. ನಾನು ಬದುಕಿದ್ದೇನೆ ಅಂತ ನಾಲ್ಕು ಮಂದಿಗೆ ಕಾಣಲಿ ಎಂದು ಹೊರಗೆ ಕಟ್ಟೆಯ ಮೇಲೆ ಕೂತು, ಒಂದೇ ಬೆರಳಿನಿಂದ ಈ ಅಂಕಣ ಬಡಿಯುತ್ತಿದ್ದೇನೆ. ಬಿಸಿಲು ಮೊಣಕಾಲಿಗೆ ಬಂದಿದೆ. ನಡು ನೋಯುತ್ತಿದೆ. ಹೋಗುವವರು ಬರುವವರು ನನ್ನನ್ನೂ ಬಾಗಿಲನ್ನೂ ಒಂದೊಂದು ಸಲ ನೋಡಿ ಮುಂದೆ ಸಾಗುತ್ತಿದ್ದಾರೆ. ಒಬ್ಬಾಕೆ ನಿಂತು, "ಉಂಡೀರಿಲ್ರಿ ಆಯೀ?" ಎಂದು ಬಲು ಮರುಕದಿಂದ ಕೇಳಿದಳು. ಇನ್ನೂ ಇಲ್ಲ ಅಂದೆ. ಲೊಚಗುಟ್ಟಿ ಹೋದಳು. ಯಾಕೆ ಲೊಚಗುಟ್ಟಿದಳೋ, ನನಗಿನ್ನೂ ಹೊಳೆದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಹಿಂದೆ ಚಿಲಕ ತೆಗೆದ ಸದ್ದು. ಸುಜಾತಾ ಹೊಸ್ತಿಲ ಮೇಲೆ ನಿಂತಿದ್ದಳು.

"ಮೊದಲ ನಿಮ್ಮ ಸುದ್ದಿ ಖರೇ ಹೇಳಿಬಿಟ್ಟೆ ಅತ್ತೀ. ಮೇಡಂ ಬಿದ್ದ ಬಿದ್ದ ನಕ್ಕರು. ಆಮ್ಯಾಲ ಕ್ಲಾಸ್ ತಗೊಂಡೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಸೋಮವಾರದಿಂದ ಶುರು ಅಂದ್ರು."

ನಾನು ಅವಳ ಕೈ ಹಿಡಿದೆ. ಅವಳು ಹಿಡಿಸಿಕೊಂಡಳು. ಆಮೇಲೆ ಗಡಿಯಾರ ನೋಡಿ, "ಅಯ್ಯ, ಹಿಟ್ಟ ನಾದಬೇಕಲ್ಲ" ಎಂದು ಒಳಗೆ ಓಡಿದಳು. ಹೊಸ ಕೆಲಸ ಸಿಕ್ಕರೆ ಹಳೆಯದಕ್ಕೆ ರಜೆ ಯಾರು ಕೊಡುತ್ತಾರೆ? ನಾನೂ ಎದ್ದೆ.

ಅಷ್ಟರಲ್ಲಿ ಫೋನ್. ಗಂಗವ್ವ. ಈ ಸಲ ಹಾಡಿಲ್ಲ, ಪಿಸುಮಾತು.

"ಅಕ್ಕಾ, ಸೊಸಿ ನಿನ್ನ ಹೊರಗ ಹಾಕಿ ಬಾಗಲಾ ಹಾಕ್ಕೊಂಡಾಳಂತ, ಖರೇ ಏನ? ಯಮಕನಮರಡಿತನಕಾ ಸುದ್ದಿ ಹೋಗೇತಿ."

ನಾನು ಒಳಗಿದ್ದರೆ ಸತ್ತೆ, ಹೊರಗಿದ್ದರೆ ಬೀದಿಪಾಲಾದೆ. ಹಾಕಿದ ಬಾಗಿಲ ಹಿಂದೆ ಒಬ್ಬಳು ಕೆಲಸ ಮಾಡುತ್ತಿರಬಹುದು ಎಂದು ಮಾತ್ರ ಒಬ್ಬರಿಗಾದರೂ ಹೊಳೆಯಬಾರದೇ?