ಗೋಣಿಚೀಲದ ಮೇಲೆ ಬರೆದ ಹಸೆ

ತಂಗಿಯ ಮದುವೆಗೆ ಇನ್ನು ನಾಲ್ಕೇ ದಿನ. ಅಣ್ಣ ಮೊಬೈಲು ಹಿಡಿದುಕೊಂಡು ಬಂದು, "ಹಸೆ ಫ್ಲೆಕ್ಸಲ್ಲೇ ಪ್ರಿಂಟ್ ಹಾಕ್ಸಾಣ ಮಾರಾಯ್ತಿ, ಸಾಗರದಲ್ಲಿ ಒಂದು ಗಂಟೇಲಿ ಕೊಡ್ತಾರೆ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ನಮ್ಮಲ್ಲಿ ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಹಸೆ. ಗಂಡುಹೆಣ್ಣು ಅದರ ಮುಂದೆಯೇ ಕೂರಬೇಕು. ನನ್ನ ಮದುವೆಗೆ ಅಮ್ಮ ಬರೆದಿದ್ದಳು. ತಂಗಿಯ ಮದುವೆಯ ಹೊತ್ತಿಗೆ ಅಮ್ಮ ಇರಲಿಲ್ಲ. "ಅಕ್ಕಾ, ಸೀರೆ ಒಡವೆ ಎಂತದಾದ್ರೂ ಆಗ್ಲಿ. ಅಮ್ಮ ನಿಂಗೆ ಬರ್ದಂಥ ಹಸೆ ಮುಂದೆ ನಾನೂ ಕೂರ್ಬೇಕು" ಎಂದು ಅವಳು ಕೇಳಿದ್ದಳು. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಬರೀತೀನಿ ಎಂದು ನಾನೂ ಮಾತು ಕೊಟ್ಟುಬಿಟ್ಟಿದ್ದೆ. ಅಮ್ಮನಿಗೆ ಅಕ್ಕಿ ಅರೆದು ಕೊಟ್ಟದ್ದು ಬಿಟ್ಟರೆ ಒಂದು ಎಳೆಯನ್ನೂ ನಾನು ಎಳೆದವಳಲ್ಲ ಎನ್ನುವುದು ಆಮೇಲೆ ನೆನಪಾಯಿತು.

ಆದರೆ ನಾನು ಟೈಲರ್. ಸಾಗರ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ, ಸೀದಾ ಗೆರೆ ಎಳೆಯುವುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಇಕ್ಕೇರಿ ದಾರಿಯಲ್ಲಿರುವ ತವರುಮನೆಗೆ ವಾರ ಮೊದಲೇ ಬಂದು ಕೂತು, ಬ್ಲೌಸಿನ ಬಟ್ಟೆಚೂರುಗಳಲ್ಲಿ ಬಾಗಿಲಿಗೆಲ್ಲ ತೋರಣ ಹೊಲಿದಿದ್ದೆ. ಅಡಿಕೆ ಹಾಳೆ ಕತ್ತರಿಸಿ ಹೂವು ಮಾಡಿ ಕಿಟಕಿಗಳಿಗೆ ಕಟ್ಟಿದ್ದೆ. "ಕಸದಿಂದ ರಸ ತೆಗಿಯೋಳು ಬಂದ್ಲು" ಎಂದು ಅಣ್ಣ ನಗುತ್ತಿದ್ದ. ಉಳಿದಿದ್ದು ಹಸೆಯ ಗೋಡೆ ಮಾತ್ರ.

ಅಣ್ಣ ಫ್ಲೆಕ್ಸ್ ಅಂದ ದಿನವೇ ಮಧ್ಯಾಹ್ನ ಕೆಮ್ಮಣ್ಣು, ಸಗಣಿ ಕಲಸಿ ಗೋಡೆಗೆ ಬಳಿದೆ. ಬೆಳಿಗ್ಗೆ ಎದ್ದು ನೋಡುತ್ತೇನೆ, ಮಣ್ಣೆಲ್ಲ ಹಪ್ಪಳದ ಹಾಗೆ ಎದ್ದು ನೆಲಕ್ಕೆ ಬಿದ್ದಿದೆ! ಮದುವೆಗೆಂದು ಅಣ್ಣ ಮನೆಗೆ ಹೊಳೆಯುವ ಪೇಂಟು ಹೊಡೆಸಿದ್ದ. ಕೊಳೆ, ಮಣ್ಣು ಯಾವುದೂ ಅಂಟುವುದಿಲ್ಲ ಎಂದು ಅಂಗಡಿಯವನು ಹೇಳಿದ್ದನಂತೆ. ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ.

"ನಿನ್ನ ಗೋಡೆಯಿಂದ ಹಿಂಗಾಯ್ತು" ಎಂದೆ.

"ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದ ಅಣ್ಣ.

ಕೈಯಲ್ಲಿದ್ದ ಪುಂಡಿನಾರಿನ ಕುಂಚವನ್ನು ಅವನ ಹೊಸ ಪೇಂಟಿಗೇ ಎಸೆದೆ. ಅದರ ಮಣ್ಣೂ ಅಂಟಲಿಲ್ಲ. ತಂಗಿ ಪೊರಕೆ ತಂದು ನೆಲ ಗುಡಿಸತೊಡಗಿದಳು. "ಫ್ಲೆಕ್ಸೇ ಸಾಕು ಬಿಡಕ್ಕಾ" ಎಂದಳು, ನನ್ನ ಮುಖ ನೋಡದೆ. ಅವಳು ಜಗಳ ಆಡಿದ್ದರೆ ವಾಸಿ ಇತ್ತು.

ಅವಳು ಗುಡಿಸಿದ ಮೇಲೆ ಬಾಗಿಲಲ್ಲಿದ್ದ ಕಾಲೊರೆಸುವ ಗೋಣಿಚೀಲವನ್ನು ಹೊರಗೆ ತಂದು ಕೊಡವಿದೆ. ಹಿಂದಿನ ದಿನ ಕೆಮ್ಮಣ್ಣು ತುಳಿದ ಕಾಲನ್ನು ಅದಕ್ಕೇ ಒರೆಸಿದ್ದೆ. ಕೊಡವಿದರೂ ಮಣ್ಣು ಬೀಳಲಿಲ್ಲ. ಕೋಲಿನಿಂದ ಬಡಿದೆ, ಜಪ್ಪಯ್ಯ ಅಂದರೂ ಬಿಡಲಿಲ್ಲ. ನೂಲುನೂಲಿಗೂ ಕೂತುಬಿಟ್ಟಿತ್ತು. ಕೋಲು ಅಲ್ಲೇ ಬಿಸಾಡಿ, "ಅಟ್ಟದ ಮೇಲೆ ಗೋಣಿಚೀಲ ಎಷ್ಟಿದಾವೆ?" ಎಂದು ಕೂಗಿದೆ.

ನಾಲ್ಕು ಚೀಲ ಬಿಚ್ಚಿ ದಬ್ಬಳದಿಂದ ಸೇರಿಸಿ ಹೊಲಿದೆ. ದಪ್ಪ ಬಳಿದರೆ ಬಿರುಕು ಬಿಡುತ್ತದೆ ಎಂದು ಮಣ್ಣಿಗೆ ಅನ್ನದ ಗಂಜಿ ಬೆರೆಸಿ, ತೆಳುವಾಗಿ ಮೂರು ಸಲ ಬಳಿದು, ಪ್ರತಿ ಸಲವೂ ಒಣಗಿಸಿದೆ. ತಂಗಿ ಅಕ್ಕಿ ನೆನೆಸಿ ಅರೆದಳು. ಹೊಲಿಗೆಯ ಟೇಪಿನಲ್ಲಿ ಅಳತೆ ಹಿಡಿದು, ಚಾಕ್‌ನಲ್ಲಿ ಗುರುತು ಹಾಕಿ, ಎರಡು ದಿನ ಬೆನ್ನೆತ್ತದೆ ಬರೆದೆ. ಸುತ್ತ ಏಣಿಯಂಥ ಅಂಚು, ಮಧ್ಯೆ ದಂಡಿಗೆ ಪಲ್ಲಕ್ಕಿಯಲ್ಲಿ ಕೂತ ಗಂಡುಹೆಣ್ಣು. ಅಮ್ಮನ ಹಸೆ ನನಗೂ ತಂಗಿಗೂ ಪೂರ್ತಿ ನೆನಪಿರಲಿಲ್ಲ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಹೇಳಿದೆವು. ಮದುವೆಯ ಹಿಂದಿನ ದಿನ ಸಂಜೆ ಅಣ್ಣನೇ ಬಿದಿರು ಕಡಿದು ತಂದು ಅದನ್ನು ಗೋಡೆಗೆ ತೂಗುಹಾಕಿದ. ಫ್ಲೆಕ್ಸಿನ ಸುದ್ದಿ ಎತ್ತಲಿಲ್ಲ.

ಮದುವೆಯ ದಿನ ಹೊಸನಗರದಿಂದ ಗಂಡಿನ ಕಡೆಯವರು ಬಂದರು. ಜೊತೆಗೆ ಗಂಡಿನ ಅಜ್ಜಿ. ಒಂದು ಕಾಲಕ್ಕೆ ಊರಿಗೆಲ್ಲ ಹಸೆ ಬರೆಯುತ್ತಿದ್ದವರಂತೆ. ಧಾರೆ ಮುಗಿದು, ತಂಗಿ ಹಸೆಯ ಮುಂದೆ ಕೂತು ಎದ್ದ ಮೇಲೆ, ಅಜ್ಜಿ ಕಾಫಿ ಲೋಟ ಕೆಳಗಿಟ್ಟು ಹಸೆಯ ಹತ್ತಿರ ಹೋದರು. ಬೆರಳಾಡಿಸುತ್ತ ಎಳೆಎಳೆಯನ್ನೂ ನೋಡಿದರು.

"ಇಲ್ಲೊಂದು ಎಳೆ ತಪ್ಪಿದೆಯಲ್ಲ. ಯಾರ ಕೈ ಇದು?"

"ನನ್ನ ದೊಡ್ಡ ತಂಗಿ ಬರ್ದಿದ್ದು, ಇವ್ಳು!" ಎಂದ ಅಣ್ಣ, ಎಲ್ಲರಿಗೂ ಕೇಳುವ ಹಾಗೆ.

"ಒಂದೇ ಅಲ್ವನಾ? ಹೋಗ್ಲಿ ಬಿಡು. ನನ್ನ ಮೊದಲ್ನೇ ಹಸೇಲಿ ನಾಕು ತಪ್ಪಿತ್ತು." ಅಜ್ಜಿ ಅಂಚು ಮಡಚಿ ನೋಡಿದರು. "ಗೋಣಿಯಾ ಇದು?"

ಈಗ ನಗುತ್ತಾರೆ ಎಂದುಕೊಂಡು ನಾನು ಜಗಳಕ್ಕೆ ಸಿದ್ಧಳಾದೆ. ಅಜ್ಜಿ ನಗಲಿಲ್ಲ. "ನನ್ನ ಕೈ ನಡುಗ್ತದೆ, ನಮ್ಮನೇಲಿ ಬೇರೆ ಬರಿಯೋರಿಲ್ಲ. ಸಂಜೆ ಮನೆ ತುಂಬೋ ಹೆಣ್ಣನ್ನ ಬೋಳು ಗೋಡೆ ಮುಂದೆ ಕೂರ್ಸ್ಬೇಕಲ್ಲ ಅಂತ ಚಿಂತೆ ಹತ್ತಿತ್ತು. ಇದನ್ನ ಸುತ್ತಿ ಕೊಡ್ತೀಯಾ ಮಗಾ?"

ನನ್ನ ಮದುವೆಗೆ ಅಮ್ಮ ಬರೆದ ಹಸೆ ತವರಿನಲ್ಲೇ ಉಳಿದು, ಮರುವರ್ಷದ ಸುಣ್ಣದಡಿ ಮುಚ್ಚಿಹೋಗಿತ್ತು. ಗೋಡೆಯನ್ನು ಗಂಡನ ಮನೆಗೆ ಹೊತ್ತುಕೊಂಡು ಹೋದವರುಂಟೇ? ನನ್ನ ತಂಗಿ ಹೊತ್ತುಕೊಂಡು ಹೋದಳು. ಪೆಟ್ಟಿಗೆ, ಪಾತ್ರೆ ಎಲ್ಲ ವ್ಯಾನಿನ ಹಿಂದಕ್ಕೆ ಹೋದವು. ಸುರುಳಿಯನ್ನು ಮಾತ್ರ ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡು ಕೂತಳು. ತವರು ಬಿಡುವ ಹುಡುಗಿ ಅಳಬೇಕು, ಅವಳು ನಗುತ್ತಿದ್ದಳು. ಅಳುವ ಕೆಲಸವನ್ನು ನಾನೇ ಮಾಡಿದೆ, ಅದೂ ಗೆದ್ದ ಖುಷಿಗೆ.