ಗೌರವ್ವನ ಮುಂಗೈ

ಸೊಸೆ ಕೈ ಹಿಡಿದು ಎಬ್ಬಿಸಿದ್ದಷ್ಟೇ. ಗೌರವ್ವನ ಮುಂಗೈ ಚರ್ಮ ನೆನೆದ ಕಾಗದದಂತೆ ಸುಲಿದು ಬಂತು. ಅಣ್ಣಿಗೇರಿ ಹತ್ತಿರದ ಈ ಹಳ್ಳಿಯ ದವಾಖಾನೆಗೆ ನಾನು ನರ್ಸಾಗಿ ಬಂದು ಇನ್ನೂ ವಾರವಾಗಿರಲಿಲ್ಲ.

ಕಡಲ ಬದಿಯ ನಿಮಗೆ ಹೇಗೆ ಹೇಳಲಿ? ನಮ್ಮಲ್ಲಿ ಹರವಿದ ಬಟ್ಟೆ ಒಣಗದೆ ಮುಗ್ಗಲು ಹಿಡಿಯುತ್ತದೆ. ಇಲ್ಲಿ ಎರೆಹೊಲದ ಗಾಳಿ ಹಿಂಡಿದ ಸೀರೆಯನ್ನು ನೋಡನೋಡುತ್ತಲೇ ಒಣಗಿಸುತ್ತದೆ, ಮುದುಕರ ಮೈಯನ್ನೂ. ಭಾಷೆ ಕನ್ನಡವೇ. ಆದರೂ ಮೊದಲ ದಿನ ಬಾಗಿಲಲ್ಲಿ ಯಾರೋ ‘ಬಾಯಾರ’ ಎಂದಾಗ ನೀರು ತಂದುಕೊಟ್ಟೆ. ಇಲ್ಲಿ ಟೀಚರು, ನರ್ಸುಗಳನ್ನು ಗೌರವದಿಂದ ಕರೆಯುವುದು ಹಾಗೆ. ಬಾಯಾರಿಕೆಗೆ ನೀರಡಿಕೆ ಎನ್ನುತ್ತಾರೆ. ಊರೆಲ್ಲ ನಕ್ಕಿತು. ಮನೆಗೆ ಟ್ರಂಕ್ ಕಾಲ್ ಮಾಡಲು ಅಣ್ಣಿಗೇರಿಗೇ ಹೋಗಬೇಕು. ಮಣ್ಣಿನ ಮಾಳಿಗೆಯ ಕೋಣೆಯಲ್ಲಿ ಗಂಜಿ ಬೇಯಿಸಿಕೊಂಡು ಒಬ್ಬಳೇ ಅತ್ತುಬಿಟ್ಟೆ.

ಗೌರವ್ವನ ಸೊಸೆ ನೀಲವ್ವ ಕಲಿಯುವ ಹೆಣ್ಣು. ಕೈ ಹಿಡಿದು ಜಗ್ಗಬಾರದು, ಮೈ ಕೆಳಗೆ ಹಳೆ ಬಟ್ಟೆ ಹೊಲಿದ ಕೌದಿ ಹಾಸಿ ಇಬ್ಬರು ಸೇರಿ ಎತ್ತಬೇಕು ಎಂದೆ. ಅಂಟುಪಟ್ಟಿ ಹಚ್ಚಬಾರದು, ಮೈ ತೊಳೆದ ಮೇಲೆ ತಿಕ್ಕದೆ ಒತ್ತಿ ಒರೆಸಿ ಕುಸುಬಿ ಎಣ್ಣೆ ಸವರಬೇಕು ಎಂದೂ ತೋರಿಸಿದೆ. ಹಳೆಯ ಅಂಗಿಯ ತೋಳು ಕತ್ತರಿಸಿ ಮುದುಕಿಯ ಕೈಗೆ ತೊಡಿಸಿದೆವು. ಉಳಿದದ್ದು ಗಾಜಿನ ಬಳೆ. ತೆಗೆಯೋಣವೆಂದರೆ ಗೌರವ್ವ ಒಪ್ಪಲಿಲ್ಲ. ಪಕ್ಕದಲ್ಲಿ ಕೂತಿದ್ದ ಗಂಡನ ಕಡೆ ನೋಡಿ, “ಇವ್ರು ಇರೂತನಕಾ ಇವೂ ಇರ್ಲಿ ಬಿಡ್ರಿ, ಬಾಯಾರ” ಎಂದಳು.

ಬಳೆಗಳ ಮೇಲೆ ಮೆತ್ತನೆ ಅರಿವೆ ಸುತ್ತಿದೆ. ಗಾಯ ಮಾಯಿತು. ನೀಲವ್ವ ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳು. ಇಲ್ಲಿ ಬದುಕಬಹುದು ಅನ್ನಿಸಿತು.

ಬೇಸಿಗೆಯಲ್ಲಿ ಗೌರವ್ವನ ಗಂಡ ತೀರಿಕೊಂಡರು. ನಾನು ಓಡಿಹೋಗುವಷ್ಟರಲ್ಲಿ ಪರವೂರಿನಿಂದ ಬಂದ ಅವಳ ನಾದಿನಿ, ತಾನೂ ವಿಧವೆ, ಆ ಅರಿವೆ ಬಿಚ್ಚುತ್ತಿದ್ದಳು. ಸೋಪು ಹಚ್ಚಿ ನಾನೇ ಜಾರಿಸಿ ತೆಗೆಯುತ್ತೇನೆ, ಒಡೆದರೆ ಚರ್ಮ ಉಳಿಯುವುದಿಲ್ಲ ಎಂದು ಬೇಡಿಕೊಂಡೆ. ನೀಲವ್ವನೂ ಅಡ್ಡ ಬಂದಳು.

“ತಗಿಯೂದಲ್ಲ, ಒಡಿಯೂದು” ಎಂದಳು ನಾದಿನಿ, ಸಿಟ್ಟಿಲ್ಲದೆ. “ನಂದೂ ಹಿಂಗ ಒಡದಾರ. ನೀವು ಹೊರಗಿನವ್ರು, ಬಾಜೂಕ ಸರೀರಿ.”

ಗೌರವ್ವ ತಾನೇ ಕೈ ಚಾಚಿದಳು. ಒಡೆದ ಗಾಜು ಮುಂಗೈಯನ್ನು ಮೊಣಕೈತನಕ ಸೀಳಿತು.

ಚೂರುಗಳನ್ನು ಆರಿಸಿ, ಎದ್ದ ಚರ್ಮವನ್ನು ಉಪ್ಪುನೀರಿನಲ್ಲಿ ತೊಳೆದು ಮತ್ತೆ ಮೇಲೆ ಕೂಡಿಸಿದೆ. ಕೂಡಲಿಲ್ಲ, ಕಪ್ಪಾಯಿತು, ಕೀವು ತುಂಬಿತು. ಹುಬ್ಬಳ್ಳಿಗೆ ಒಯ್ಯೋಣ ಎಂದೆ. ಸೂತಕ ಕಳೆಯಲಿ ಎಂದರು ಮನೆಯವರು. ಗೌರವ್ವ ಉಣ್ಣುವುದನ್ನು ಬಿಟ್ಟಳು. ಮಳೆಗೆ ಮುಂಚೆಯೇ ಹೋದಳು. ಕೊನೆಯತನಕ ನೀಲವ್ವ ಅವಳನ್ನು ಕೌದಿಯಲ್ಲೇ ಎತ್ತಿದಳು.

ರಜೆಗೆ ಊರಿಗೆ ಬಂದಾಗ ನನ್ನ ‘ಹೌದ್ರಿ’ ಕೇಳಿ ನೀವೆಲ್ಲ ನಕ್ಕಿರಿ. ಅಮ್ಮನ ತೋಳಿನಲ್ಲಿ ನೀಲಿ ಕಲೆಗಳಿದ್ದವು. ತಮ್ಮನ ಹೆಂಡತಿ ಅವಳನ್ನು ಕೈ ಹಿಡಿದು ಜಗ್ಗಿಯೇ ಎಬ್ಬಿಸುತ್ತಿದ್ದಳು. ಹೇಗೆ ಎತ್ತಬೇಕೆಂದು ತೋರಿಸಿದರೆ, “ನೀವು ಬಂದು ಹೋಗುವವರು, ನಿಮಗೆ ಇಲ್ಲಿಯದ್ದು ಎಂತ ಗೊತ್ತುಂಟು?” ಎಂದಳು. ಇತ್ತ ನೀಲವ್ವನ ಓಣಿಯಲ್ಲಿ ಹಾಸಿಗೆ ಹಿಡಿದ ಇನ್ನೊಬ್ಬ ಮುದುಕಿ ನನ್ನ ದಾರಿ ಕಾಯುತ್ತಿದ್ದಳು.

ಹೊರಡುವಾಗ ಅಮ್ಮ ನನ್ನ ಕೈ ಬಿಡಲಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ, ಚರ್ಮ ಎಳೆಯದಂತೆ ಬಿಡಿಸಿ, ಬಸ್ಸಿಗೆ ನಡೆದೆ.